ಕೊಟ್ಟಿಗೆಯಲ್ಲಿ 27 ವರ್ಷದಿಂದ ನಿಂತ ಫಿಯಟ್ ಮಾರಬೇಕು, ಎಲ್ಲಿಂದ ಶುರು ಮಾಡಲಿ?

ತೋಟದಮನೆ · ಸೆಪ್ಟೆಂಬರ್ 8, ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡಿದ್ದವನು, ಇದೇ ಮೊದಲು ಬರೆಯುತ್ತಿರುವುದು.

ಸಾಗರದ ಕಡೆ ನಮ್ಮ ಮನೆ. ಕೊಟ್ಟಿಗೆಯಲ್ಲಿ ಅಜ್ಜನ ಪದ್ಮಿನಿ ಕಾರು ನಿಂತಿದೆ, 1968ರ ಮಾಡೆಲ್. ಅಜ್ಜ 1996ರಲ್ಲಿ ತೀರಿಕೊಂಡರು. ಆಮೇಲೆ ಅಪ್ಪ ಎರಡು ವರ್ಷ ಓಡಿಸಿದರು. 1998ರ ಮಳೆಗಾಲದಲ್ಲಿ ಒಳಗೆ ನಿಲ್ಲಿಸಿದ್ದು, ಮತ್ತೆ ಹೊರಗೆ ಬಂದೇ ಇಲ್ಲ. ಮೇಲೆ ಅಡಿಕೆ ಸಿಪ್ಪೆ ಚೀಲ, ಪಕ್ಕದಲ್ಲಿ ಹಳೇ ನೇಗಿಲು. ಹಿಂದಿನ ಸೀಟು ನಮ್ಮ ಬೆಕ್ಕಿನ ಬಾಣಂತಿ ಕೋಣೆ.

ಸ್ಥಿತಿ ಹೀಗಿದೆ: ನಾಲ್ಕೂ ಟೈರು ಹೋಗಿವೆ. ಡ್ರೈವರ್ ಕಾಲಿಡುವ ಜಾಗದಲ್ಲಿ ತೂತು, ನೆಲ ಕಾಣುತ್ತದೆ. ಗಾಜು ಎಲ್ಲವೂ ಸರಿ ಇವೆ. ಇಂಜಿನ್ ತಿರುಗುತ್ತಿಲ್ಲ. ಆರ್‌ಸಿ ಪುಸ್ತಕ ಅಜ್ಜನ ಹೆಸರಲ್ಲಿದೆ, ಅವಧಿ 1999ಕ್ಕೇ ಮುಗಿದಿದೆ. ಕೊಂಡಾಗಿನ ಬಿಲ್ ಮನೆಯ ಟ್ರಂಕಿನಲ್ಲಿ ಸಿಕ್ಕಿತು.

ಬೇಸಿಗೆಗೆ ಕೊಟ್ಟಿಗೆ ಕೆಡವಿ ಅಡಿಕೆ ಡ್ರೈಯರ್ ಕೂರಿಸಬೇಕು, ಅದಕ್ಕೇ ಈಗ ಅವಸರ. ಗುಜರಿಯವನು 22 ಸಾವಿರ ಅಂದ. ಪಕ್ಕದ ಮನೆಯವರು "ಆಂಟಿಕ್ ಮಾರಾಯ, ಐದು ಲಕ್ಷಕ್ಕೆ ಕಮ್ಮಿ ಕೊಡಬೇಡ" ಅಂತಿದ್ದಾರೆ. ಯಾವುದು ನಿಜ? ತೊಳೆದು, ಒಂದು ಕೋಟ್ ಪೇಂಟ್ ಹೊಡೆಸಿ ಮಾರಿದರೆ ಬೆಲೆ ಏರುತ್ತದಾ? ಇಲ್ಲಾ ಬಿಡಿಭಾಗ ಕಳಚಿ ಮಾರುವುದು ಲಾಭವಾ?

ಮಿಲ್ಲೆಸೆಂಟೊ_ಮೈಸೂರು · ಸೆಪ್ಟೆಂಬರ್ 8, ರಾತ್ರಿ 10:05

ಸ್ವಾಗತ. ಮೊದಲು ಹೆಸರು ಸರಿ ಮಾಡೋಣ. 1968ರ ಗಾಡಿ ಪದ್ಮಿನಿ ಆಗಲು ಸಾಧ್ಯವಿಲ್ಲ. ಆ ಹೆಸರು ಬಂದಿದ್ದೇ 1974ರಲ್ಲಿ. ಅದಕ್ಕೆ ಮುಂಚೆ ಎರಡು ವರ್ಷ ಪ್ರೀಮಿಯರ್ ಪ್ರೆಸಿಡೆಂಟ್ ಅಂತಿತ್ತು. ನಿಮ್ಮದು ಫಿಯಟ್ 1100 ಡಿಲೈಟ್. ಇಟಲಿಯ ಫಿಯಟ್‌ನವರ ಲೈಸೆನ್ಸ್ ಮೇಲೆ ಪ್ರೀಮಿಯರ್ ಆಟೊಮೊಬೈಲ್ಸ್‌ನವರು ಮುಂಬೈನ ಕುರ್ಲಾದಲ್ಲಿ ಮಾಡುತ್ತಿದ್ದದ್ದು. ಸಾವಿರದ ನೂರಕ್ಕೆ ಇಟಲಿಯವರು ಹೇಳುವುದು 'ಮಿಲ್ಲೆಚೆಂಟೊ'. ನನ್ನ ಹೆಸರಿನ ಗುಟ್ಟು ಅಷ್ಟೇ. ಇಂಜಿನ್ ಸರಿಯಾಗಿ ಸಾವಿರದ ನೂರೂ ಇಲ್ಲ ಬಿಡಿ, 1089 ಸಿಸಿ.

ಒಂದು ಸಣ್ಣ ಪರೀಕ್ಷೆ. ಮುಂದಿನ ಬಾಗಿಲಿನ ಹಿಂಜು (ಕೀಲು) ಎಲ್ಲಿದೆ ನೋಡಿ. ಹಿಂದುಗಡೆ ಇದ್ದು ಬಾಗಿಲು ಉಲ್ಟಾ ತೆರೆದರೆ ಅದು ಇನ್ನೂ ಹಳೇದು, ಸೆಲೆಕ್ಟ್ ಅನ್ನುವ ಮಾಡೆಲ್ ಕಾಲದ್ದು. ಮುಂದುಗಡೆ ಇದ್ದರೆ ಡಿಲೈಟ್.

ಇದು ಬರೀ ಹೆಸರಿನ ವಿಷಯ ಅಲ್ಲ. ಪದ್ಮಿನಿ ಹುಡುಕುವವರು ಬೇರೆ, ಡಿಲೈಟ್ ಹುಡುಕುವವರು ಬೇರೆ. ಜಾಹೀರಾತಿನಲ್ಲಿ '1968 ಪದ್ಮಿನಿ' ಅಂತ ಹಾಕಿದರೆ ಗೊತ್ತಿರುವವನು ನಕ್ಕು ಮುಂದೆ ಹೋಗುತ್ತಾನೆ. ಗೊತ್ತಿಲ್ಲದವನು ಬಂದು ಚೌಕಾಸಿ ಮಾಡುತ್ತಾನೆ.

ಹಳೇ_ಸ್ಪ್ಯಾನರ್ · ಸೆಪ್ಟೆಂಬರ್ 8, ರಾತ್ರಿ 10:40

ನಾನು ಚಿತ್ರದುರ್ಗದಲ್ಲಿ ಗ್ಯಾರೇಜ್ ಇಟ್ಟವನು. ಒಂದೇ ಮಾತು ಮೊದಲು. ಬ್ಯಾಟರಿ ಕೊಟ್ಟು ಸ್ಟಾರ್ಟ್ ಮಾಡಲು ಹೋಗಬೇಡಿ. ಟ್ರ್ಯಾಕ್ಟರ್‌ಗೆ ಕಟ್ಟಿ ಎಳೆಯಲೂ ಬೇಡಿ. ಹಬ್ಬಕ್ಕೆ ಬಂದ ಯಾರೋ ಭಾವ "ಒಂದು ಸಲ ಎಳೆದು ನೋಡೋಣ" ಅಂತಾನೆ. ಅಲ್ಲಿಗೆ ರಿಂಗು, ಪಿಸ್ಟನ್ ಕಥೆ ಮುಗಿಯಿತು.

ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ. ಒಂದೊಂದು ತೂತಿಗೂ ಸ್ವಲ್ಪ ಡೀಸೆಲ್, ಸ್ವಲ್ಪ ಇಂಜಿನ್ ಆಯಿಲ್ ಬೆರೆಸಿ ಬಿಡಿ. ಒಂದು ವಾರ ಮರೆತುಬಿಡಿ. ಮತ್ತೆ ಸ್ವಲ್ಪ ಬಿಡಿ. ಆಮೇಲೆ ಹಿಂದಿನ ಒಂದು ಚಕ್ರ ಜಾಕ್ ಮೇಲೆ ಎತ್ತಿ, ಟಾಪ್ ಗೇರ್‌ಗೆ ಹಾಕಿ, ಚಕ್ರವನ್ನು ಕೈಯಲ್ಲಿ ಹಿಂದೆ ಮುಂದೆ ಅಲ್ಲಾಡಿಸಿ. ಇನ್ನೊಂದು ಚಕ್ರಕ್ಕೆ ಕಲ್ಲು ಕೊಟ್ಟಿರಬೇಕು. ಬ್ರೇಕ್ ಡ್ರಮ್ಮೇ ಹಿಡಿದಿದ್ದರೆ ಮೊದಲು ಅದನ್ನು ಬಿಡಿಸಿಕೊಳ್ಳಿ. ನಿಧಾನಕ್ಕೆ ಜಗ್ಗಿದರೆ ಇಂಜಿನ್ ಬದುಕಿದೆ ಅಂತ ಅರ್ಥ. 'ಇಂಜಿನ್ ಜಾಮ್' ಅನ್ನುವುದಕ್ಕೂ 'ಇಂಜಿನ್ ಕೈಯಲ್ಲಿ ತಿರುಗುತ್ತದೆ' ಅನ್ನುವುದಕ್ಕೂ ಬೆಲೆಯಲ್ಲಿ ಅಜಗಜಾಂತರ. ಖರ್ಚು ಅರ್ಧ ಲೀಟರ್ ಆಯಿಲ್.

ಪೇಂಟ್ ಬೇಡವೇ ಬೇಡ. ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದ ಗಾಡಿ ಕಂಡರೆ ನಾವು ಅರ್ಧ ಬೆಲೆ ಇಳಿಸುತ್ತೇವೆ. ಒಳಗೆ ಏನಿದೆಯೋ ಅಂತ ಅನುಮಾನ. ತುಕ್ಕು ಕಣ್ಣಿಗೆ ಕಂಡರೆ ಲೆಕ್ಕ ಹಾಕಬಹುದು, ಮುಚ್ಚಿಟ್ಟರೆ ಹೇಗೆ ಹಾಕುವುದು? ಈ ಗಾಡಿಗೆ ಜೀಪು, ಲಾರಿ ಥರ ಬೇರೆ ಚಾಸಿ, ಅಂದರೆ ಅಡಿಯಲ್ಲಿ ಉಕ್ಕಿನ ಚೌಕಟ್ಟು, ಇರುತ್ತದೆ ಅಂದುಕೊಂಡವರು ಎಷ್ಟೋ ಜನ. ಫಿಯಟ್‌ಗೆ ಇಲ್ಲ. ಬಾಡಿಯೇ ಚಾಸಿ. ಹಾಗಾಗಿ ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಭಾಗ ತುಕ್ಕು ತಿಂದಿದ್ದರೆ ಅದು ಬರೀ ಅಂದದ ವಿಷಯ ಅಲ್ಲ, ಗಾಡಿಯ ಬೆನ್ನುಮೂಳೆಯ ವಿಷಯ.

ಸುಮ್ನೆ_ಓದುಗ · ಸೆಪ್ಟೆಂಬರ್ 9, ಬೆಳಗ್ಗೆ 7:15

15 ವರ್ಷ ದಾಟಿದ ಗಾಡಿ ಗುಜರಿಗೆ ಹಾಕ್ಲೇಬೇಕು ಅಂತ ಕಾನೂನು ಇದೆಯಲ್ಲ? ಮಾರಿದರೆ ಕೇಸ್ ಆಗಲ್ವಾ?

ಕಾಗದದ_ಕಾಟ · ಸೆಪ್ಟೆಂಬರ್ 9, ಬೆಳಗ್ಗೆ 8:30

ಇಲ್ಲ ಸ್ವಾಮಿ. ಅದು ದೆಹಲಿ ಸುತ್ತಮುತ್ತಲಿನ ಕಥೆ. ನಮ್ಮಲ್ಲಿ ಸ್ವಂತದ ಕಾರು 15 ವರ್ಷದ ನಂತರ ಪರೀಕ್ಷೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನವೀಕರಣ ಮಾಡಿಸಬಹುದು. ಈ ಒಂದು ಸುಳ್ಳಿನಿಂದ ಎಷ್ಟು ಒಳ್ಳೊಳ್ಳೆ ಗಾಡಿ ಕೆಜಿ ಲೆಕ್ಕದಲ್ಲಿ ಹೋಗಿವೆಯೋ. ಗುಜರಿಯವರೇ ಮನೆಮನೆಗೆ ಹೇಳಿಕೊಂಡು ಬರುತ್ತಾರೆ. ಡಿಲೈಟ್ ತೂಗುವುದು 900 ಕೆಜಿಯ ಹತ್ತಿರ. ನಿಮಗೆ ಹೇಳಿದ 22 ಸಾವಿರ ಬರೀ ಕಬ್ಬಿಣದ ಲೆಕ್ಕ.

ತೋಟದಮನೆಯವರೇ, ನಾನು ಸಾರಿಗೆ ಇಲಾಖೆಯಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ನಿಮ್ಮ ಕಾರಿನ ಬೆಲೆ ಬಾನೆಟ್ ಅಡಿಯಲ್ಲಿಲ್ಲ, ಟ್ರಂಕಿನಲ್ಲಿದೆ. ಆರ್‌ಸಿ ಅಜ್ಜನ ಹೆಸರಲ್ಲಿ ಇರುವಾಗ ಅಪ್ಪನಾಗಲಿ ನೀವಾಗಲಿ ಮಾರಾಟದ ಫಾರಂಗೆ ಸಹಿ ಹಾಕುವ ಹಾಗಿಲ್ಲ. ಮೊದಲು ವಾರಸುದಾರರ ಹೆಸರಿಗೆ ವರ್ಗಾವಣೆ ಆಗಬೇಕು. ಅದಕ್ಕೆ ಫಾರಂ 31. ಜೊತೆಗೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಪತ್ರ. ಸಾವಾದ ಮೂರು ತಿಂಗಳೊಳಗೆ ಅರ್ಜಿ ಹಾಕಬೇಕಿತ್ತು, ನಿಮ್ಮದು 29 ವರ್ಷ ಆಯಿತು. ಹೆದರಬೇಡಿ, ದಂಡ ಕಟ್ಟಿದರೆ ಮುಗಿಯಿತು. ಆಮೇಲೆ ಕೊಳ್ಳುವವರ ಹೆಸರಿಗೆ ಮಾಡಲು ಫಾರಂ 29 (ಮಾರಿದ್ದೇವೆ ಅಂತ ತಿಳಿಸುವುದು) ಮತ್ತು 30 (ವರ್ಗಾವಣೆಯ ಅರ್ಜಿ).

ಎಲ್ಲಕ್ಕಿಂತ ಮೊದಲ ಕೆಲಸ: ಆರ್‌ಟಿಒದಲ್ಲಿ ಬಿ ಎಕ್ಸ್‌ಟ್ರಾಕ್ಟ್ ತೆಗೆಸಿ. ಅಂದರೆ ಕಚೇರಿಯ ಬಿ ರಿಜಿಸ್ಟರ್‌ನಲ್ಲಿ ನಿಮ್ಮ ಗಾಡಿ ಬಗ್ಗೆ ಏನು ಬರೆದಿದೆ ಅನ್ನುವುದರ ನಕಲು. ನಿಮ್ಮದು ಎಂವೈ ಅಕ್ಷರಗಳಿಂದ ಶುರುವಾಗುವ ಮೈಸೂರು ರಾಜ್ಯದ ಕಾಲದ ನಂಬರ್ ಇರಬೇಕು, ಕಂಪ್ಯೂಟರ್‌ನಲ್ಲಿ ಇರುವುದಿಲ್ಲ. ಹಳೇ ರಿಜಿಸ್ಟರ್‌ನಿಂದ ತೆಗೆದು ಇಲಾಖೆಯ 'ವಾಹನ್' ಅನ್ನುವ ಕಂಪ್ಯೂಟರ್ ವ್ಯವಸ್ಥೆಗೆ ಏರಿಸಬೇಕು. ಅದಕ್ಕೆ 'ಬ್ಯಾಕ್‌ಲಾಗ್ ಎಂಟ್ರಿ' ಅಂತಾರೆ. ಅದಾಗದೆ ಆನ್‌ಲೈನ್‌ನಲ್ಲಿ ಏನೂ ನಡೆಯುವುದಿಲ್ಲ.

ಪುಣೆ_ಕನ್ನಡತಿ · ಸೆಪ್ಟೆಂಬರ್ 9, ಮಧ್ಯಾಹ್ನ 1:10

ನಾನು ಎರಡು ವರ್ಷದ ಹಿಂದೆ ಅಪ್ಪನ 84ರ ಪದ್ಮಿನಿ ಮಾರಿದೆ. ನನ್ನ ತಪ್ಪುಗಳನ್ನು ಹೇಳುತ್ತೇನೆ, ನೀವು ಮಾಡಬೇಡಿ.

ಒಂದು ಮಾರಾಟದ ತಾಣದಲ್ಲಿ ಫೋಟೊ ಹಾಕಿದ ಹತ್ತೇ ನಿಮಿಷಕ್ಕೆ ಫೋನ್. ತಾನು ಸೈನ್ಯದಲ್ಲಿದ್ದೇನೆ, ಬಂದು ನೋಡಲು ಆಗಲ್ಲ, ಹೇಳಿದ ಬೆಲೆಗೇ ತಗೊಳ್ತೀನಿ ಅಂದ. ಅಡ್ವಾನ್ಸ್ ಕಳಿಸ್ತೀನಿ ಅಂತ ಒಂದು ಕ್ಯೂಆರ್ ಕೋಡ್ ಕಳಿಸಿ ಸ್ಕ್ಯಾನ್ ಮಾಡಿ ಅಂದ. ದುಡ್ಡು ತಗೊಳ್ಳೋಕೆ ನಾನ್ಯಾಕೆ ಪಿನ್ ಒತ್ತಬೇಕು ಅಂತ ಹೊಳೆದಿದ್ದು ಕೊನೇ ಕ್ಷಣದಲ್ಲಿ. ಹಳೇ ಕಾರನ್ನು ನೋಡದೆ ಕೊಳ್ಳುವವನು ಯಾರೂ ಇಲ್ಲ. ಇದ್ದರೆ ಅವನು ಕಳ್ಳ.

ಎರಡನೇದು, 'ನೋಡೋಕೆ ಬಂದ' ಹುಡುಗರು. ಅವರು ಹೋದ ಮೇಲೆ ನೋಡಿದರೆ ಡಿಕ್ಕಿ ಮೇಲಿನ ಹೆಸರಿನ ಬ್ಯಾಡ್ಜ್ ಇರಲಿಲ್ಲ. ಅಂಥ ಸಣ್ಣ ಸಣ್ಣ ಸಾಮಾನು ಎಲ್ಲ ಬಿಚ್ಚಿ ಮನೆಯೊಳಗೆ ಇಡಿ. ಫೋಟೊದಲ್ಲಿ ತೋರಿಸಿ, ಮಾರಿದ ಮೇಲೆ ಕೊಡಿ.

ಬಯಲುಸೀಮೆ_ಬಸಣ್ಣ · ಸೆಪ್ಟೆಂಬರ್ 9, ಸಂಜೆ 6:00

ಮುಂದಿನ ಗ್ರಿಲ್, ಎರಡು ಬಂಪರ್, ಸ್ಟೀರಿಂಗ್ ಇಷ್ಟು ಕೊಡ್ತೀರಾ? 15 ಸಾವಿರ ಕೈಗೆ ಕೊಡ್ತೀನಿ. ಉಳಿದದ್ದು ಗುಜರಿಯವನಿಗೆ ಹಾಕಿ, ಅಲ್ಲಿಗೆ ನಿಮಗೂ ಲಾಭ.

ಮಿಲ್ಲೆಸೆಂಟೊ_ಮೈಸೂರು · ಸೆಪ್ಟೆಂಬರ್ 9, ಸಂಜೆ 6:25

ಬಸಣ್ಣ, ನಿಮ್ಮ ಗಾಡಿಗೆ ಗ್ರಿಲ್ ಬೇಕು, ಒಪ್ಪುತ್ತೇನೆ. ಆದರೆ ತೋಟದಮನೆಯವರು ಇದಕ್ಕೆ ಒಪ್ಪಿದರೆ ನಾಳೆಯಿಂದ ಅದು ಕಾರಲ್ಲ, ಬರೀ ಕಬ್ಬಿಣ. ಇಂಜಿನ್ ಅನ್ನು ಮತ್ತೆ ಕಟ್ಟಬಹುದು, ತಗಡು ಹೊಸದಾಗಿ ಬಡಿಯಬಹುದು. ಡಿಲೈಟ್‌ನ ಹೊಳಪಿನ ಪಟ್ಟಿ, ದೀಪದ ಗಾಜು, ಬಾಗಿಲ ಹಿಡಿಕೆ ಇವುಗಳನ್ನು ಎಲ್ಲಿ ತರುವುದು? ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ, ಜೆ.ಸಿ. ರಸ್ತೆಯಲ್ಲಿ ಮೊದಲು ಬೇಕಾದಷ್ಟು ಸಿಗುತ್ತಿತ್ತು. ಈಗ ಅಲೆಯಬೇಕು. ಮುಂಬೈನ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಗಳು ಇರುವವರೆಗೆ ಸ್ಪೇರ್ ಮಾಡುವವರೂ ಇದ್ದರು. ಕೊನೆಯ ಪದ್ಮಿನಿ ಟ್ಯಾಕ್ಸಿಯೂ 2023ರ ಅಕ್ಟೋಬರ್ ಕೊನೆಗೆ ರಸ್ತೆ ಬಿಟ್ಟಿತು.

ತೋಟದಮನೆ, ಎಲ್ಲ ಸಾಮಾನೂ ಇರುವ ಗಾಡಿ ಅನ್ನುವುದೇ ನಿಮ್ಮ ದೊಡ್ಡ ಆಸ್ತಿ. ಒಂದು ಸ್ಕ್ರೂ ಕೂಡ ಮಾರಬೇಡಿ.

ಬಯಲುಸೀಮೆ_ಬಸಣ್ಣ · ಸೆಪ್ಟೆಂಬರ್ 9, ಸಂಜೆ 6:40

ಕೇಳಿದ್ದು ತಪ್ಪಾ ಸಾಹೇಬ್ರೆ. ಮಾರೋದಾದ್ರೆ ನಂಗೊಂದು ಮಾತು ಹೇಳಿ ಅಷ್ಟೇ.

ಊರು_ಬಿಟ್ಟವ · ಸೆಪ್ಟೆಂಬರ್ 10, ಬೆಳಗ್ಗೆ 5:50

ಅಜ್ಜನ ಕಾರು ಮಾರ್ತೀರಾ? ಆಮೇಲೆ ಪಶ್ಚಾತ್ತಾಪ ಪಡ್ತೀರಿ. ನೀವೇ ರಿಪೇರಿ ಮಾಡಿಸಿ ಇಟ್ಟುಕೊಳ್ಳಿ. ದುಡ್ಡು ಇವತ್ತು ಬರುತ್ತೆ ನಾಳೆ ಹೋಗುತ್ತೆ. ಪ್ರಧಾನಿಯಾಗಿದ್ದ ಲಾಲ್ ಬಹದ್ದೂರ್ ಶಾಸ್ತ್ರಿಯವರೇ 12 ಸಾವಿರದ ಫಿಯಟ್ ಕೊಳ್ಳಲು ಬ್ಯಾಂಕಿನಿಂದ 5 ಸಾವಿರ ಸಾಲ ಮಾಡಿದ್ದರು. ಅಂಥ ಕಾಲದ ಗಾಡಿ ಅದು.

ಹಳೇ_ಸ್ಪ್ಯಾನರ್ · ಸೆಪ್ಟೆಂಬರ್ 10, ಬೆಳಗ್ಗೆ 9:00

ಊರು ಬಿಟ್ಟವರೇ, ನಿಮ್ಮ ಮಾತಿನ ಹಿಂದಿನ ಪ್ರೀತಿ ಅರ್ಥವಾಗುತ್ತೆ. ಆದರೆ ಖರ್ಚು ಯಾರು ಕೊಡುತ್ತಾರೆ? ನನ್ನ ಗ್ಯಾರೇಜಿನ ಹಿಂದೆ ಮೂರು ಗಾಡಿ ನಿಂತಿವೆ. ಮೂರೂ 'ನೆನಪಿಗೆ' ಅಂತ ಬಿಚ್ಚಿಸಿದವು. ಬಿಚ್ಚುವಾಗ ಎಲ್ಲರಿಗೂ ಹುರುಪು. ಟಿಂಕರಿಂಗ್ (ತಗಡಿನ ಕೆಲಸ) ಬಿಲ್ ನೋಡಿದ ಮೇಲೆ ಫೋನೇ ಎತ್ತಲ್ಲ. ಬಿಚ್ಚಿ ಬಿಟ್ಟ ಗಾಡಿಗಿಂತ ಬಿಚ್ಚದೆ ನಿಂತ ಗಾಡಿಗೆ ಯಾವತ್ತೂ ಬೆಲೆ ಜಾಸ್ತಿ. ಮಾಡಿಸುವ ತಾಕತ್ತು, ತಾಳ್ಮೆ ಇಲ್ಲದಿದ್ದರೆ ಇರುವವರಿಗೆ ಕೊಡುವುದೇ ಗಾಡಿಗೆ ಮಾಡುವ ಉಪಕಾರ.

ತೋಟದಮನೆ · ಸೆಪ್ಟೆಂಬರ್ 28, ರಾತ್ರಿ 8:45

ತಡವಾಯಿತು, ಕ್ಷಮಿಸಿ. ಹಿಂಜು ಮುಂದುಗಡೆ ಇದೆ. ಡಿಲೈಟೇ. ಅಪ್ಪನಿಗೆ ಹೇಳಿದರೆ "ನಾವು ಫಿಯಟ್ ಅಂತಲೇ ಕರೀತಿದ್ವಿ, ಪದ್ಮಿನಿ ಅಂದವನು ನೀನೇ" ಅಂದರು.

ಸ್ಪ್ಯಾನರ್ ಅಣ್ಣ ಹೇಳಿದ ಹಾಗೆ ಪ್ಲಗ್ ಬಿಚ್ಚಿ ಆಯಿಲ್ ಬಿಟ್ಟೆ. ಮೂರನೇ ಪ್ಲಗ್ ಬಿಚ್ಚಲು ಎರಡು ದಿನ ಬೇಕಾಯಿತು. ಚಕ್ರದ ಡ್ರಮ್ಮುಗಳೂ ಹಿಡಿದಿದ್ದವು. ಮರದ ಸುತ್ತಿಗೆಯಲ್ಲಿ ಸುತ್ತಲೂ ತಟ್ಟಿ ತಟ್ಟಿ ಒಂದನ್ನು ಬಿಡಿಸಿದೆವು. ಹದಿನೇಳನೇ ದಿನ ಅಪ್ಪ ಚಕ್ರ ಹಿಡಿದು ಅಲ್ಲಾಡಿಸುತ್ತಿದ್ದರು, ನಾನು ಫ್ಯಾನ್ ನೋಡುತ್ತಿದ್ದೆ. ಒಂದು ಬೆರಳಿನಷ್ಟು ಅಲುಗಿತು. ಅಪ್ಪ ನಂಬಲಿಲ್ಲ, ನನ್ನನ್ನು ಚಕ್ರದ ಹತ್ತಿರ ಕಳಿಸಿ ತಾವೇ ಬಂದು ನೋಡಿದರು. ಈಗ ಪೂರ್ತಿ ಸುತ್ತು ತಿರುಗುತ್ತದೆ.

ಡಿಕ್ಕಿಯ ಮ್ಯಾಟ್ ಎತ್ತಿದರೆ ಕೆಳಗೆ ತಿಳಿ ನೀಲಿ ಬಣ್ಣ. ಮೇಲಿನ ಬಿಳಿ ಆಮೇಲೆ ಹೊಡೆಸಿದ್ದಂತೆ. ಸೀಟಿನ ಅಡಿಯಲ್ಲಿ ಹಾವಿನ ಪೊರೆ, ಅಡಿಕೆ ಮಂಡಿಯ ಒಂದಿಷ್ಟು ಚೀಟಿ. ಡ್ರೈವರ್ ಬಾಗಿಲ ಒಳಗಡೆ, ಗಾಜಿನ ಅಂಚಿನ ಕೆಳಗೆ, ಒಂದು ಬಿಳಿ ಗೆರೆ ದಪ್ಪಗೆ ಕಟ್ಟಿಕೊಂಡಿದೆ. ಯಾವುದೋ ಫಂಗಸ್ ಅಂದುಕೊಂಡೆ. ಅಜ್ಜ ಎಲೆಗೆ ಸುಣ್ಣ ಹಚ್ಚಿ ಉಳಿದದ್ದನ್ನು ಬೆರಳಿಂದ ಅಲ್ಲೇ ಒರೆಸುತ್ತಿದ್ದರಂತೆ. ಕಮ್ಮಿ ಅಂದರೂ ಇಪ್ಪತ್ತೊಂಬತ್ತು ವರ್ಷದ ಸುಣ್ಣ.

ಈಗ ಸಮಸ್ಯೆ. ಗಾಡಿಯ ಮೇಲೆ ಕೊರೆದ ಚಾಸಿ ನಂಬರಿಗೆ ಕಾಗದ ಇಟ್ಟು, ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆದೆ. ಆರ್‌ಸಿ ಪುಸ್ತಕದಲ್ಲಿ ಕೊನೆಯ ಅಂಕಿ 3. ನನ್ನ ಪ್ರಿಂಟ್‌ನಲ್ಲಿ 8 ಥರ ಕಾಣುತ್ತಿದೆ. ಎದೆ ಧಸಕ್ ಅಂತು. ಇದು ನಮ್ಮ ಗಾಡಿಯೇ ಅಲ್ವಾ ಹಾಗಾದರೆ?

ಕಾಗದದ_ಕಾಟ · ಸೆಪ್ಟೆಂಬರ್ 28, ರಾತ್ರಿ 9:10

ಗಾಬರಿ ಬೇಡ. ಮೊದಲು ಪ್ರಿಂಟ್ ಸರಿಯಾಗಿ ತೆಗೆಯಿರಿ. ನಂಬರ್ ಮೇಲೆ ತಂತಿ ಬ್ರಷ್ ಹಾಕಬೇಡಿ, ಮರಳು ಕಾಗದ ಅಂತೂ ಮುಟ್ಟಿಸಲೇಬೇಡಿ. ಅಂಕಿ ಸವೆದರೆ ಯಾರೋ ಕೆರೆದು ತಿದ್ದಿದ್ದಾರೆ ಅಂತ ಇನ್‌ಸ್ಪೆಕ್ಟರ್ ಅನುಮಾನ ಪಡುತ್ತಾರೆ. ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆ ಹಾಕಿ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಕೊಳೆ ತೆಗೆದು ಒಣಗಿಸಿ. ತೆಳು ಬಿಳಿ ಕಾಗದ ಇಟ್ಟು ಎರಡೂ ಕಡೆ ಟೇಪ್ ಹಾಕಿ, ಅಲುಗಬಾರದು. ಮೆತ್ತನೆಯ ಪೆನ್ಸಿಲ್ ಅನ್ನು ಅಡ್ಡ ಮಲಗಿಸಿ ಒಂದೇ ದಿಕ್ಕಿನಲ್ಲಿ ಉಜ್ಜಿ. ಒತ್ತಬೇಡಿ. ನಾಲ್ಕಾರು ಪ್ರಿಂಟ್ ಒಟ್ಟಿಗೆ ತೆಗೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಆಮೇಲೆ ಮೂರನ್ನೂ ಪಕ್ಕದಲ್ಲಿಟ್ಟು ನೋಡಿ: ಪ್ರಿಂಟ್, ಕೊಂಡಾಗಿನ ಬಿಲ್, ಬಿ ಎಕ್ಸ್‌ಟ್ರಾಕ್ಟ್. ಆರ್‌ಸಿ ಪುಸ್ತಕದ ಮೇಲೆ 'ನಕಲು ಪ್ರತಿ' ಅಥವಾ 'ಡುಪ್ಲಿಕೇಟ್' ಅಂತ ಎಲ್ಲಾದರೂ ಸೀಲ್ ಇದೆಯಾ?

ತೋಟದಮನೆ · ಸೆಪ್ಟೆಂಬರ್ 29, ಬೆಳಗ್ಗೆ 7:30

ಇದೆ! ಎರಡನೇ ಪುಟದಲ್ಲಿ, ಕೆಂಪು ಶಾಯಿ, 1983. ಮೊದಲ ಪುಸ್ತಕ ಹೊಳೆಯಲ್ಲಿ ನೆನೆದು ಹೋಗಿತ್ತು ಅಂತ ಅಪ್ಪ ಹೇಳಿದರು. ಬಿಲ್‌ನಲ್ಲಿ 8 ಅಂತಲೇ ಇದೆ.

ಕಾಗದದ_ಕಾಟ · ಸೆಪ್ಟೆಂಬರ್ 29, ಬೆಳಗ್ಗೆ 7:50

ಅಲ್ಲಿಗೆ ಗೊತ್ತಾಯಿತಲ್ಲ. ನಕಲು ಬರೆಯುವಾಗ ಯಾರೋ ನನ್ನಂಥ ಗುಮಾಸ್ತ 8 ಅನ್ನು 3 ಮಾಡಿದ್ದಾನೆ. ಬಿ ರಿಜಿಸ್ಟರ್‌ನಲ್ಲೂ 8 ಇದ್ದರೆ ತಿದ್ದುಪಡಿ ಸುಲಭ. ಅರ್ಜಿ, ಪ್ರಿಂಟ್, ಬಿಲ್ ಪ್ರತಿ ಕೊಡಿ. ಆ ಬಿಲ್ ಅನ್ನು ಲ್ಯಾಮಿನೇಟ್ ಮಾಡಿಸಬೇಡಿ ಮಾತ್ರ. ಇದು ಮಾರುವ ಮುಂಚೆ ಗೊತ್ತಾಗಿದ್ದು ನಿಮ್ಮ ಪುಣ್ಯ.

ಮಿಲ್ಲೆಸೆಂಟೊ_ಮೈಸೂರು · ಸೆಪ್ಟೆಂಬರ್ 29, ಬೆಳಗ್ಗೆ 10:15

ಇಂಜಿನ್ ನಂಬರ್ ಕೂಡ ತಾಳೆ ಆಗುತ್ತಾ ನೋಡಿ. ಆ ಕಾಲದಲ್ಲಿ ಎಷ್ಟೋ ಜನ ಪೆಟ್ರೋಲ್ ಇಂಜಿನ್ ತೆಗೆದು ಡೀಸೆಲ್ ಕೂರಿಸಿದರು. ನಿಮ್ಮದು ಹುಟ್ಟಿನ ಇಂಜಿನ್ನೇ ಆಗಿದ್ದರೆ ಇನ್ನೊಂದು ದಾರಿ ಇದೆ. 2021ರ ಜುಲೈಯಲ್ಲಿ ಕೇಂದ್ರದವರು ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ತಂದರು. 50 ವರ್ಷ ದಾಟಿ, ಮೂಲ ರೂಪದಲ್ಲೇ ಇರುವ ಗಾಡಿಗೆ 'ವಿಎ' ಅಕ್ಷರ ಇರುವ ನಂಬರ್ ಕೊಡುತ್ತಾರೆ. ಹೊಸ ನೋಂದಣಿಗೆ 20 ಸಾವಿರ ಶುಲ್ಕ, ಹತ್ತು ವರ್ಷ ಬಾಳಿಕೆ. ಮೊದಲೇ ನೋಂದಣಿ ಇರುವ ಗಾಡಿ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು.

ಕಾಗದದ_ಕಾಟ · ಸೆಪ್ಟೆಂಬರ್ 29, ಬೆಳಗ್ಗೆ 11:00

ಆದರೆ ವಿಂಟೇಜ್ ಮಾಡಿಸಿದ ಗಾಡಿಯಲ್ಲಿ ದಿನಾ ಸಂತೆಗೆ ಹೋಗುವ ಹಾಗಿಲ್ಲ. ರ್‍ಯಾಲಿ, ಪ್ರದರ್ಶನ, ಪೆಟ್ರೋಲ್ ಹಾಕಿಸಲು, ರಿಪೇರಿಗೆ, ಇಷ್ಟಕ್ಕೇ ರಸ್ತೆಗೆ ಇಳಿಸಬಹುದು. ಮಾರುವವರು ಆ ನಿರ್ಧಾರ ಮಾಡಬಾರದು, ಕೊಳ್ಳುವವರಿಗೆ ಬಿಡಬೇಕು.

ಮಾಮೂಲಿ ನವೀಕರಣದ ಖರ್ಚೂ ಕಮ್ಮಿ ಇಲ್ಲ. ಮೊದಲು ಕಾರಿಗೆ 600 ರೂಪಾಯಿ ಇತ್ತು, 2022ರ ಏಪ್ರಿಲ್‌ನಿಂದ 5,000 ಆಯಿತು, 20 ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಲ್ಲಿ 10,000 ಮಾಡಿದರು. ತಡವಾದ ಪ್ರತಿ ತಿಂಗಳಿಗೆ 500 ಬೇರೆ. ಅದನ್ನು ಯಾವ ತಿಂಗಳಿಂದ ಲೆಕ್ಕ ಹಾಕುತ್ತಾರೆ ಅಂತ ಕೌಂಟರ್‌ನಲ್ಲಿ ಕೇಳಿ, ಬರೆಸಿಕೊಂಡು ಬನ್ನಿ. ಚೌಕಾಸಿಗೆ ಕೂತಾಗ ಈ ಅಂಕಿ ನಿಮ್ಮ ಕೈಯಲ್ಲಿ ಇರಬೇಕು. ಇಲ್ಲದಿದ್ದರೆ ಕೊಳ್ಳುವವನು "ಆರ್‌ಟಿಒಗೇ ಒಂದು ಲಕ್ಷ ಆಗುತ್ತೆ" ಅಂತ ಬೆಲೆ ಇಳಿಸುತ್ತಾನೆ.

ತೋಟದಮನೆ · ನವೆಂಬರ್ 16, ರಾತ್ರಿ 9:00

ಇಷ್ಟು ದಿನ ಕಾಗದದ ಓಡಾಟ. ಬಿ ರಿಜಿಸ್ಟರ್‌ನಲ್ಲಿ 8 ಅಂತಲೇ ಇತ್ತು. ಇಂಜಿನ್ ನಂಬರೂ ಸರಿ ಇದೆ. ರಿಜಿಸ್ಟರ್ ಹುಡುಕಿ ಕೊಟ್ಟ ಸಿಬ್ಬಂದಿ ಧೂಳು ಕೊಡವುತ್ತಾ "ಈ ಪುಟ ತೆಗೆದು ಎಷ್ಟು ವರ್ಷ ಆಯ್ತೋ" ಅಂದರು. ಮಧ್ಯದಲ್ಲಿ ಒಬ್ಬ ಬ್ರೋಕರ್ ಸಿಕ್ಕಿ "ಇದೆಲ್ಲ ಯಾಕೆ, ಬೇರೆ ಗುಜರಿ ಗಾಡಿಯ ಆರ್‌ಸಿ ಕೊಡ್ತೀನಿ, ನಂಬರ್ ಪ್ಲೇಟ್ ಬದಲಾಯಿಸಿ ಮಾರಿ" ಅಂದ. ಕೈ ಮುಗಿದು ಬಂದೆ.

ನಿಜವಾದ ಕಷ್ಟ ಕಚೇರಿಯಲ್ಲಿ ಅಲ್ಲ, ಮನೆಯಲ್ಲಿ. ಒಪ್ಪಿಗೆ ಪತ್ರಕ್ಕೆ ದೊಡ್ಡಪ್ಪ, ಇಬ್ಬರು ಅತ್ತೆಯರ ಸಹಿ ಬೇಕಿತ್ತು. ದೊಡ್ಡ ಅತ್ತೆ ತಕ್ಷಣ ಹಾಕಿದರು. ಸಣ್ಣ ಅತ್ತೆ "ನನ್ನ ಮದುವೆ ದಿಬ್ಬಣ ಬಂದಿದ್ದು ಅದರಲ್ಲಿ, ನನ್ನನ್ನು ಕೇಳದೆ ಮಾರೋಕೆ ಹೊರಟಿರಾ" ಅಂತ ಫೋನ್ ಇಟ್ಟರು. ದೀಪಾವಳಿಗೆ ಕರೆದು, ಗೋಪೂಜೆ ಮುಗಿಸಿ, ಕೊಟ್ಟಿಗೆಗೆ ಕರೆದುಕೊಂಡು ಹೋಗಿ ತೋರಿಸಿದೆ. ಬೆಕ್ಕಿನ ವಾಸನೆಗೆ ಮೂಗು ಮುಚ್ಚಿಕೊಂಡು "ಅಯ್ಯೋ, ಮೊದಲು ಕೊಟ್ಟು ಕಳಿಸು" ಅಂತ ಛಾಪಾ ಕಾಗದಕ್ಕೆ ಅಲ್ಲೇ ಸಹಿ ಹಾಕಿದರು. ಬರುವ ದುಡ್ಡು ನಾಲ್ಕು ಪಾಲು ಅಂತ ಮೊದಲೇ ಹೇಳಿಬಿಟ್ಟಿದ್ದೆ. ಇದನ್ನು ಮೊದಲೇ ಹೇಳುವುದು ಒಳ್ಳೇದು.

ಈಗ ಗಾಡಿ ಅಪ್ಪನ ಹೆಸರಿಗೆ ಬಂದಿದೆ. ಜಾಹೀರಾತು ಹೀಗೆ ಬರೆದಿದ್ದೇನೆ, ನೋಡಿ ಹೇಳಿ:

*1968 ಫಿಯಟ್ 1100 ಡಿಲೈಟ್. ಒಂದೇ ಕುಟುಂಬ. 1998ರಿಂದ ನಿಂತಿದೆ. ಓಡುವ ಸ್ಥಿತಿಯಲ್ಲಿಲ್ಲ. ಇಂಜಿನ್ ಕೈಯಲ್ಲಿ ತಿರುಗುತ್ತದೆ, ಸ್ಟಾರ್ಟ್ ಮಾಡಿ ನೋಡಿಲ್ಲ. ಡ್ರೈವರ್ ಕಡೆ ನೆಲದಲ್ಲಿ ಅಂಗೈಯಗಲ ತೂತು, ಡಿಕ್ಕಿಯ ಎಡ ಮೂಲೆಯಲ್ಲಿ ತುಕ್ಕು, ನಾಲ್ಕೂ ಬಾಗಿಲ ತಳ ಹೋಗಿದೆ. ವೈರಿಂಗ್ ಇಲಿ ತಿಂದಿದೆ. ಗಾಜು, ಗ್ರಿಲ್, ಬಂಪರ್, ದೀಪ, ಜಾಕ್, ಕೊಂಡಾಗಿನ ಬಿಲ್ ಎಲ್ಲ ಇವೆ. ಹೆಸರು ಈಗಿನ ಮಾಲೀಕರದೇ. ನೋಂದಣಿ ಅವಧಿ ಮುಗಿದಿದೆ, ನವೀಕರಣ ಕೊಳ್ಳುವವರದು. ಬಂದು ನೋಡಿದವರ ಜೊತೆ ಮಾತ್ರ ಬೆಲೆಯ ಮಾತು.*

ಹಳೇ_ಸ್ಪ್ಯಾನರ್ · ನವೆಂಬರ್ 16, ರಾತ್ರಿ 9:35

ಇಷ್ಟು ಸತ್ಯ ಬರೆದ ಜಾಹೀರಾತು ನಾನು ನೋಡಿಲ್ಲ. ಒಂದು ಸೇರಿಸಿ: ಟ್ಯಾಂಕಿನಲ್ಲಿ ಹಳೇ ಪೆಟ್ರೋಲ್ ಇದೆಯೋ ಖಾಲಿ ಮಾಡಿದ್ದೀರೋ ಅಂತ. ಮತ್ತೆ ಕೊಳ್ಳುವವರಿಗೆ ಹೇಳಿ, ಈಗಿನ ಎಥೆನಾಲ್ ಬೆರೆಸಿದ ಪೆಟ್ರೋಲ್‌ಗೆ ಆ ಕಾಲದ ರಬ್ಬರ್ ಪೈಪು, ಇಂಜಿನ್‌ಗೆ ಪೆಟ್ರೋಲ್ ಎಳೆಯುವ ಪಂಪಿನ ಡಯಾಫ್ರಾಮ್ (ಒಳಗಿನ ತೆಳು ಪೊರೆ) ತಾಳುವುದಿಲ್ಲ. ಮೊದಲು ಬದಲಾಯಿಸಿಯೇ ಸ್ಟಾರ್ಟ್ ಮಾಡಬೇಕು.

ಫೋಟೊ ತೆಗೆಯುವಾಗ ತೂತಿನ ಪಕ್ಕ ಒಂದು ಬೆಂಕಿಪೊಟ್ಟಣ ಇಡಿ. ಎಷ್ಟು ದೊಡ್ಡದು ಅಂತ ಗೊತ್ತಾಗಲಿ.

ಪುಣೆ_ಕನ್ನಡತಿ · ನವೆಂಬರ್ 17, ಬೆಳಗ್ಗೆ 8:00

ಮನೆ ಲೊಕೇಶನ್ ಹಾಕಬೇಡಿ. ಊರಿನ ಹೆಸರು ಸಾಕು. ಚಾಸಿ ನಂಬರ್ ಫೋಟೊ ಅಂತೂ ಹಾಕಲೇಬೇಡಿ.

ತೋಟದಮನೆ · ಡಿಸೆಂಬರ್ 21, ರಾತ್ರಿ 10:10

ಬಂದವರ ಲೆಕ್ಕ ಹೇಳುತ್ತೇನೆ. ಫೋನ್ ಸುಮಾರು ನಲವತ್ತು. ಅದರಲ್ಲಿ 'ಲಾಸ್ಟ್ ಪ್ರೈಸ್?' ಅಂತ ಮಾತ್ರ ಕಳಿಸಿದವರು ಹೆಚ್ಚುಕಮ್ಮಿ ಅರ್ಧ. ಒಬ್ಬ ಸೈನ್ಯದವನು, ನಿರೀಕ್ಷೆಯಂತೆ. ನಿಜವಾಗಿ ಬಂದವರು ಐದು ಜನ.

ಒಬ್ಬರು ರೆಸಾರ್ಟ್‌ನವರು. ಬಾಗಿಲಲ್ಲಿ ನಿಲ್ಲಿಸಿ ಒಳಗೆ ಹೂವಿನ ಗಿಡ ನೆಡುತ್ತಾರಂತೆ, 70 ಸಾವಿರ ಅಂದರು. ಅಪ್ಪ ಮಾತೇ ಆಡದೆ ಒಳಗೆ ಹೋದರು. ಅಲ್ಲಿಗೆ ಅದು ಮುಗಿಯಿತು.

ಕೊನೆಗೆ ಬಂದವರು ಹಾಸನದ ಕಡೆಯವರು. ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರು. ಟೀ ಕೂಡ ಕುಡಿಯದೆ ನೇರ ಕೊಟ್ಟಿಗೆಗೆ. ಜೇಬಿನಿಂದ ಒಂದು ಸಣ್ಣ ಅಯಸ್ಕಾಂತ ತೆಗೆದರು. ಅದಕ್ಕೆ ಬನಿಯನ್ ಬಟ್ಟೆ ಸುತ್ತಿದ್ದರು. ಪೇಂಟ್ ಗೀಚಬಾರದಂತೆ, ಆ ಪೇಂಟ್‌ಗೆ! ಬಾಗಿಲು, ಮಡ್ಗಾರ್ಡ್, ಬಾನೆಟ್ ಎಲ್ಲ ಕಡೆ ಇಟ್ಟು ಬಿಟ್ಟು ನೋಡಿದರು. ಹಿಂದಿನ ಬಲ ಮಡ್ಗಾರ್ಡ್ ಮೇಲೆ ಅಯಸ್ಕಾಂತ ಜಾರಿ ಬಿತ್ತು. "ಇಲ್ಲಿ ಪುಟ್ಟಿ ಇದೆ, ಯಾವಾಗ ಗುದ್ದಿದ್ದು?" ಅಂದರು. ಅಪ್ಪ ಯೋಚಿಸಿ "ಆನಂದಪುರದ ಹತ್ತಿರ, ಎಮ್ಮೆ" ಅಂದರು. ಆಮೇಲೆ ಅಂಗಾತ ಮಲಗಿ ತಳಕ್ಕೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋದರು. ಗಟ್ಟಿ ಇದ್ದಲ್ಲಿ ಟಣ್, ಹೋದಲ್ಲಿ ಬುಸ್. ನನಗೂ ವ್ಯತ್ಯಾಸ ಕೇಳಿಸಿತು.

ಎದ್ದು ಕೈ ಒರೆಸಿಕೊಂಡು 80 ಅಂದರು. ನಾವು ಒಂದು ಲಕ್ಷ ಹತ್ತು ಅಂದೆವು. ಕಾಗದದ ಸರ್ ಬರೆಸಿಕೊಂಡು ಬರಲು ಹೇಳಿದ್ದ ಶುಲ್ಕದ ಚೀಟಿ ತೋರಿಸಿದೆ. ಅವರು ಅದನ್ನು ಎರಡು ಸಲ ಓದಿದರು. 96 ಸಾವಿರಕ್ಕೆ ಮಾತು ಮುಗಿಯಿತು. ಐದು ಲಕ್ಷ ಅಂದ ಪಕ್ಕದ ಮನೆಯವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಹತ್ತು ಸಾವಿರ ಅಡ್ವಾನ್ಸ್ ಕೊಟ್ಟು ಹೋಗಿದ್ದಾರೆ. ಈಗ ಏನೇನು ಬರೆಸಿಕೊಳ್ಳಬೇಕು?

ಕಾಗದದ_ಕಾಟ · ಡಿಸೆಂಬರ್ 22, ಬೆಳಗ್ಗೆ 6:40

ಬಾಕಿ ಹಣ ಬ್ಯಾಂಕಿನ ಮೂಲಕವೇ ಬರಲಿ. ಛಾಪಾ ಕಾಗದದಲ್ಲಿ ಕರಾರು. ಗಾಡಿ ಈಗ ಇರುವ ಸ್ಥಿತಿಯಲ್ಲೇ ಕೊಡುತ್ತಿರುವುದು, ಓಡುವುದಿಲ್ಲ, ನೋಂದಣಿ ಅವಧಿ ಮುಗಿದಿದೆ ಅಂತ ಬರೆಯಿರಿ. ಜೊತೆಗೆ ಡೆಲಿವರಿ ನೋಟ್ (ಗಾಡಿ ಒಪ್ಪಿಸಿದ ಚೀಟಿ), ಅದರಲ್ಲಿ ದಿನಾಂಕ ಅಷ್ಟೇ ಅಲ್ಲ, ಗಂಟೆಯೂ ಇರಲಿ. ಅವರ ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳಿ. ಫಾರಂ 29 ಅನ್ನು 14 ದಿನದೊಳಗೆ ನೀವೇ ಕಚೇರಿಗೆ ಕೊಟ್ಟು ಸ್ವೀಕೃತಿ ತಗೊಳ್ಳಿ. 'ಅವರು ಮಾಡಿಕೊಳ್ತಾರೆ' ಅಂತ ಬಿಡಬೇಡಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ: ಗಾಡಿ ಎಷ್ಟು ಕೈ ಬದಲಾಗಿದ್ದರೂ, ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ. ವರ್ಗಾವಣೆ ಆಗುವವರೆಗೆ ಹೆಸರು ನಿಮ್ಮ ಅಪ್ಪನದೇ ಉಳಿಯುತ್ತದಲ್ಲ, ಅದಕ್ಕೇ ಕರಾರಿನಲ್ಲಿ ಒಂದು ಸಾಲು: ವಿಮೆ ಮತ್ತು ನವೀಕರಣ ಇಲ್ಲದೆ ರಸ್ತೆಗೆ ಇಳಿಸುವುದಿಲ್ಲ. ಸಾಗಿಸುವುದು ಲಾರಿ ಮೇಲೆ, ಹಗ್ಗ ಕಟ್ಟಿ ಎಳೆದುಕೊಂಡು ಅಲ್ಲ.

ತೋಟದಮನೆ · ಜನವರಿ 4, ಸಂಜೆ 7:00

ಗಾಡಿ ಹೋಗಿಲ್ಲ. ಲಾರಿ ಗೊತ್ತು ಮಾಡಿದ ಹಿಂದಿನ ದಿನ ಬೆಕ್ಕು ಹಿಂದಿನ ಸೀಟಿನಲ್ಲಿ ನಾಲ್ಕು ಮರಿ ಹಾಕಿದೆ. ಹಾಸನದವರಿಗೆ ಫೋನ್ ಮಾಡಿದೆ, ಅಡ್ವಾನ್ಸ್ ವಾಪಸ್ ಕೇಳುತ್ತಾರೇನೋ ಅಂತ ಭಯ. "ಕಣ್ಣು ಬಿಡಲಿ, ನಡೆಯಲಿ, ಮೂರು ವಾರ ಬಿಟ್ಟು ಬರ್ತೀನಿ, 27 ವರ್ಷ ನಿಂತ ಗಾಡಿಗೆ ಅದೇನು" ಅಂದರು.

ಬಯಲುಸೀಮೆ_ಬಸಣ್ಣ · ಜನವರಿ 4, ಸಂಜೆ 7:20

ಅವರು ಬರದಿದ್ರೆ ಗ್ರಿಲ್ ನಂಗೆ.

ತೋಟದಮನೆ · ಮಾರ್ಚ್ 15, ರಾತ್ರಿ 8:30

ಬಸಣ್ಣನಿಗೆ ಬೇಸರದ ಸುದ್ದಿ. ಜನವರಿ ಕೊನೇ ವಾರ ಗಾಡಿ ಹೋಯಿತು. ಹಳೇ ಟೈರಿನ ಒಳಗೆ ಬರೀ ಟ್ಯೂಬ್ ಹಾಕಿ ಗಾಳಿ ತುಂಬಿದೆವು, ಲಾರಿಗೆ ಏರಿಸುವಷ್ಟು ಹೊತ್ತು ನಿಂತವು, ಸಾಕಾಯಿತು. ಇಬ್ಬರೇ ತಳ್ಳಿದೆವು. ಇಷ್ಟು ಹಗುರ ಅಂತ ಗೊತ್ತಿರಲಿಲ್ಲ. ಫಾರಂ 29 ಕೊಟ್ಟು ಸ್ವೀಕೃತಿ ತಗೊಂಡಾಯಿತು. ನವೀಕರಣ, ವರ್ಗಾವಣೆ ಇನ್ನೂ ಆಗಿಲ್ಲ. ಮಳೆಗಾಲದ ಮುಂಚೆ ಪರೀಕ್ಷೆಗೆ ಒಯ್ಯುತ್ತೇನೆ ಅಂದಿದ್ದಾರೆ. ಪ್ರತಿ ತಿಂಗಳು ಒಂದನೇ ತಾರೀಕು ನಾನೇ ಫೋನ್ ಮಾಡಿ ನೆನಪಿಸುತ್ತೇನೆ.

ಕೊಟ್ಟಿಗೆ ಕೆಡವಿ ಡ್ರೈಯರ್‌ಗೆ ಪಾಯ ತೆಗೆದಾಯಿತು. ಬೆಕ್ಕು ಈಗ ಅಪ್ಪನ ಸ್ಕೂಟರ್ ಮೇಲೆ ಮಲಗುತ್ತದೆ.

ನಿನ್ನೆ ಹಾಸನದವರು ಫೋಟೊ ಕಳಿಸಿದರು. ಬಾಗಿಲುಗಳೆಲ್ಲ ಕಳಚಿ ಸಾಲಾಗಿ ಗೋಡೆಗೆ ಒರಗಿಸಿದ್ದಾರೆ. ಕೆಳಗೆ ಒಂದು ಪ್ರಶ್ನೆ: "ಡ್ರೈವರ್ ಬಾಗಿಲಲ್ಲಿ ಸುಣ್ಣದ ಗೆರೆ ಇದೆ. ನಿಮ್ಮ ಅಜ್ಜನದಂತೆ, ನಿಮ್ಮ ಅಪ್ಪ ಹೇಳಿದ್ದರು. ಹಾಗೇ ಬಿಡಲಾ?"

ಅಪ್ಪನಿಗೆ ತೋರಿಸಿದೆ. "ಕೆರೆದು ತೆಗೆಯೋಕೆ ಹೇಳು, ಅಡಿಯಲ್ಲಿ ತುಕ್ಕು ಇರುತ್ತೆ" ಅಂದರು. ಹಾಗೇ ಬರೆದು ಕಳಿಸಿದೆ.